ಮುನೀರನನ್ನು ಸಿಟ್ಟಿಗೆಬ್ಬಿಸುವ ಸೇವೆ

ಅಕ್ಟೋಬರ್ 7, ಸೋಮವಾರ

ರೊಟ್ಟಿ ಬಡಿದೆ. ಆಕಾರ ಇವತ್ತೂ ಔರಾದ ತಾಲೂಕಿನ ನಕಾಶೆಯೇ. ಒಂದು ಮೂಲೆ ಮಹಾರಾಷ್ಟ್ರಕ್ಕೆ ಹೋಗಿತ್ತು, ಇನ್ನೊಂದು ತೆಲಂಗಾಣಕ್ಕೆ. ನಡುವಿನದು ಹಸಿ. ತಿಂದೆ.

ಸ್ತೋತ್ರ: ಹಲ್ಲು ಗಟ್ಟಿ ಇವೆ.

ಕೇಶರ ಮಾಡಿದ ಕಾಯಿದೆ ಇದು. ದೇವರಿಗೆ ಥ್ಯಾಂಕ್ಸ್ ಹೇಳಲು ದಿನಕ್ಕೊಂದು ಸ್ತೋತ್ರ ಹುಡುಕಬೇಕು. ಜೀವ, ಆರೋಗ್ಯ, ಅನ್ನ ಎಂದರೆ ನಡೆಯುವುದಿಲ್ಲ. ಅವು ರೆಡಿಮೇಡ್, ದೇವರಿಗೆ ಬಾಯಿಪಾಠ ಆಗಿವೆ ಎನ್ನುತ್ತಿದ್ದಳು. ಅವಳು ಕರ್ತನ ಬಳಿಗೆ ಹೋಗಿ ವರ್ಷ ದಾಟಿತು. ಕಾಯಿದೆ ಇನ್ನೂ ಜಾರಿಯಲ್ಲಿದೆ. ಹೆಂಡತಿಯ ಕಾಯಿದೆಗೆ ಅಪೀಲು ಎಲ್ಲಿದೆ...

ರೊಟ್ಟಿ ಇಳಿದ ಮೇಲೆ ಮುನೀರೋದ್ದೀನನ ಮನೆಗೆ ಹೋದೆ. ಇಡೀ ಸರ್ವೀಸು ಜೊತೆಗೇ ಕಳೆದವರು ನಾವು. ನಾನು ಔರಾದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್, ಅವನು ಡ್ರೈವರ್. ನಾನು ಮೈಕಿನಲ್ಲಿ ಗಾಡಿ ಕೂಗುತ್ತಿದ್ದೆ, ಅವನು ಗಾಡಿ ಹೊಡೆಯುತ್ತಿದ್ದ. ರಿಟೈರ್ ಆಗಿ ಇಬ್ಬರೂ ಬೀದರಿಗೆ ಬಂದು ಒಂದೇ ಗಲ್ಲಿಯಲ್ಲಿ ಮನೆ ಮಾಡಿದೆವು. ಕೇಶರ ಹೋದ ಮೇಲೆ ಅವನೇ ಬೆಳಗ್ಗೆ ಬಂದು ಗೇಟು ಬಡಿಯುತ್ತಿದ್ದ. ಚೌಬಾರಾ ಚೌಕದತನಕ ನಡೆದು ಚಹಾ ಕುಡಿದು ಬರುತ್ತಿದ್ದೆವು. ಆ ಒಂದು ಚಹಾದ ಸಲುವಾಗಿ ನಾನು ಹಾಸಿಗೆ ಬಿಟ್ಟೇಳುತ್ತಿದ್ದೆ.

ಈಗ ಅವನೇ ಹಾಸಿಗೆ ಬಿಡುತ್ತಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದ, ತೊಡೆಯ ಎಲುಬು ಮುರಿಯಿತು, ಒಳಗೆ ರಾಡು ಹಾಕಿದರು. ಡಾಕ್ಟರು ನಡಿ ಎನ್ನುತ್ತಾರೆ. ಇವನು ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಹೊಸ ವಾಕರಿನ ಮೇಲೆ ಅವನ ಹೆಂಡತಿ ಅನ್ವರಿ ಭಾಭಿ ಟವೆಲ್ ಒಣಹಾಕುತ್ತಾರೆ.

ಹೊರಡುವಾಗ ಭಾಭಿ ಬಾಗಿಲತನಕ ಬಂದರು. "ಭಾಯಿಸಾಬ್, ನನ್ನ ಮಾತು ಕೇಳಂಗಿಲ್ಲ ಅವ್ರು. ನೀವು ದಿನಾ ಬಂದು ಏನರೆ ಹಿಮ್ಮತ್ ತುಂಬ್ರಿ."

ತುಂಬುತ್ತೇನೆ. ಐ ಶಲ್ ಎನ್‌ಕರೇಜ್ ಹಿಮ್. ಶಲ್ಲೋ ವಿಲ್ಲೋ... ಬಿ.ಎ. ಎರಡನೇ ವರ್ಷದಲ್ಲಿ ಗೊತ್ತಿತ್ತು.

ಅಕ್ಟೋಬರ್ 9, ಬುಧವಾರ

ಎನ್‌ಕರೇಜ್‌ಮೆಂಟ್ ಶುರು. ಕುರ್ಚಿ ಎಳೆದು ಕುಳಿತು, ಜೀವನದಲ್ಲಿ ಕೃತಜ್ಞತೆಯ ಮಹತ್ವ ಎಂಬ ವಿಷಯದ ಮೇಲೆ ಮಾತಾಡಿದೆ. ಪೀಠಿಕೆ, ವಿಷಯ, ಉಪಸಂಹಾರ. ಕಾಲೇಜಿನಲ್ಲಿ ಎಸ್ಸೆ ಬರೆಯುವುದನ್ನು ಹಾಗೇ ಕಲಿಸಿದ್ದರು. ಪೀಠಿಕೆಯಲ್ಲೇ ಮುನೀರ ಗೊರಕೆ ಹೊಡೆದ. ಆದರೂ ಮುಗಿಸಿಯೇ ಎದ್ದೆ. ಅರ್ಧಕ್ಕೆ ಬಿಡುವುದು ನನ್ನ ಸ್ವಭಾವದಲ್ಲಿಲ್ಲ. ಚರ್ಚಿನ ಸಭೆಯಲ್ಲಿ ದೇವರ ಉಪಕಾರದ ಸಾಕ್ಷಿ ಹೇಳಲು ನಾನು ಎದ್ದರೆ ಹೆಂಗಸರು ಮನೆಯ ಕುಕ್ಕರಿನ ಚಿಂತೆ ಮಾಡುತ್ತಾರೆಂದು ಕೇಶರಳೇ ಹೇಳಿದ್ದಳು.

ಇದೇ ಮುನೀರ ಹಿಂದೆ ಟಯರ್ ಪಂಕ್ಚರ್ ಆದರೂ ದೇವರಿಗೆ ಶುಕ್ರ್ ಎನ್ನುತ್ತಿದ್ದವನು. ಎಕಂಬಾ ಹತ್ತಿರ ಗಾಡಿ ಕೆಟ್ಟು ನಿಂತರೆ, ನೆರಳಿರುವ ಕಡೆಗೇ ನಿಂತಿತಲ್ಲ, ಶುಕ್ರ್. ಸ್ತೋತ್ರದ ವಿಷಯದಲ್ಲಿ ನಾನು ಅವನನ್ನು ಒಂದು ದಿನವೂ ಸೋಲಿಸಲಿಲ್ಲ. ಗೊರಕೆ ನಿಂತ ಮೇಲೆ ಅದನ್ನೇ ನೆನಪಿಸಿದೆ. ಅವನು ಕಣ್ಣು ತೆರೆಯದೆ ಹೇಳಿದ, "ಡ್ಯೂಟಿ ಮುಗೀತು ಸುಶೀಲ. ಗಾಡಿ ಡಿಪೋದಾಗ ಹಾಕ್ಯಾರ. ಇನ್ನ ಹಾರ್ನ್ ಹೊಡಿಬ್ಯಾಡ."

ಸ್ತೋತ್ರ: ಭಾಭಿಯ ಚಹಾ. ಏಲಕ್ಕಿ ಹಾಕಿದ್ದರು.

ಅಕ್ಟೋಬರ್ 14

ಮೋಸಂಬಿ ಒಯ್ದೆ. ಜೋಕು ಹೇಳಿದೆ. ಇಂಗ್ಲಿಷಿನಲ್ಲಿ ಹೇಳಿ, ಕನ್ನಡದಲ್ಲಿ ಅರ್ಥ ಹೇಳಿ, ಉರ್ದುವಿನಲ್ಲಿ ಅದರಲ್ಲಿ ನಗುವಂಥದ್ದೇನಿದೆ ಎಂದೂ ಹೇಳಿದೆ. ಭಾಭಿ ಮರ್ಯಾದೆಗೆ ನಕ್ಕರು. ಮುನೀರ ಮೋಸಂಬಿ ತಿಂದ.

ಇವತ್ತು ಡಾಕ್ಟರು ಫೋನಿನಲ್ಲಿ ಭಾಭಿಗೆ ಸ್ಪಷ್ಟ ಹೇಳಿದರಂತೆ. ಹೀಗೇ ಮಲಗಿದರೆ ಕೀಲು ಬಿಗಿದುಕೊಳ್ಳುತ್ತದೆ, ಕ್ರಿಸ್‌ಮಸ್ ಬರುವ ಹೊತ್ತಿಗೆ ಯಾರೂ ಏನೂ ಮಾಡಲಾಗದು, ಉಳಿದ ಆಯುಷ್ಯ ಮಂಚದ ಮೇಲೆಯೇ. ಭಾಭಿ ಒಬ್ಬರೇ ಅವನನ್ನು ಎತ್ತಿ ಹೊರಳಿಸಬೇಕು. ಅವರ ಸೊಂಟವೇ ಬಾಗಿದೆ. ಮಾತಾಡುವಾಗ ಗೋಡೆ ಹಿಡಿದು ನಿಲ್ಲುತ್ತಾರೆ.

ಮನೆಗೆ ಬಂದು ಮೊಣಕಾಲೂರಿದೆ. ಕರ್ತನೇ, ಉಪನ್ಯಾಸ ಆಯಿತು, ಮೋಸಂಬಿ ಆಯಿತು. ವಾಟ್ ನೆಕ್ಸ್ಟ್?

ಅಕ್ಟೋಬರ್ 17

ನೆಕ್ಸ್ಟ್ ಸಿಕ್ಕಿತು. ನಮ್ಮ ಸಭೆಯ ಶುಕ್ರವಾರದ ಮನೆಪ್ರಾರ್ಥನೆಯನ್ನು ಮುನೀರನ ಮನೆಯಲ್ಲೇ ಇಡುವುದು. ಪಾಸ್ಟರ್ ರಾಜರತ್ನ ವಯಸ್ಸಿನಲ್ಲಿ ಸಣ್ಣವರು, ಎಲ್ಲಕ್ಕೂ ಯೋಚನೆ ಮಾಡುವವರು. ಮನೆಯವರ ಒಪ್ಪಿಗೆ ಇದೆಯೇ ಎಂದು ಮತ್ತೆ ಮತ್ತೆ ಕೇಳಿದರು. ಭಾಭಿಯನ್ನು ಕೇಳಿದೆ. ದುವಾ ಯಾರ ಬಾಯಿಂದ ಬಂದರೂ ದುವಾನೇ, ಸಂಜೆಯ ಅಸರ್ ನಮಾಜು ಮುಗಿದ ಮೇಲೆ ಬನ್ನಿ ಎಂದರು. ಮುನೀರನನ್ನು ಕೇಳಿದೆ. ಜೋಕು ಹೇಳುವುದಿಲ್ಲವೆಂದರೆ ಅಡ್ಡಿಯಿಲ್ಲ ಎಂದ.

ಅಕ್ಟೋಬರ್ 18, ಶುಕ್ರವಾರ, ಸಂಜೆ 7

ಕ್ರಮವಾಗಿ ಬರೆಯುತ್ತೇನೆ.

ನಾವು ಹೋದದ್ದು ಒಂದು ಗುಂಪು. ಹೆಂಗಸರು ಸಭೆಯ ಪದ್ಧತಿಯಂತೆ ಬಿಳಿ ಸೀರೆ. ಪಾಸ್ಟರ್ ಕೊರಳಪಟ್ಟಿ ಹಾಕಿಕೊಂಡಿದ್ದರು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ನಮ್ಮ ಹಾರ್ಮೋನಿಯಂನವರು ಯಾವ ಕೀರ್ತನೆಯನ್ನಾದರೂ ಎತ್ತಿನ ಗಾಡಿಯ ವೇಗಕ್ಕೆ ತರುವವರು. ಇವತ್ತು ಸಂತೋಷದ ಕೀರ್ತನೆಯನ್ನೇ ಆರಿಸಿದ್ದೆವು, ಅವರ ಕೈಗೆ ಸಿಕ್ಕು ಅದಕ್ಕೂ ಅಳು ಬಂತು. ಭಾಭಿಗೆ ಏನು ನೆನಪಾಯಿತೋ, ಓಢಣಿಯಲ್ಲಿ ಮುಖ ಮುಚ್ಚಿ ಹೊಸ್ತಿಲಲ್ಲಿ ಕುಳಿತು ಅತ್ತರು.

ಅದೇ ಹೊತ್ತಿಗೆ ಎದುರು ಮನೆಯ ಲಾಲ ಅಹ್ಮದ ಗಲ್ಲಿಯಲ್ಲಿ ಹಾದುಹೋದ. ಚಪ್ಪಲಿ ನೋಡಿದ, ಬಿಳಿ ಸೀರೆ ನೋಡಿದ, ಪಾಸ್ಟರನ್ನು ನೋಡಿದ, ಅಳುವ ಭಾಭಿಯನ್ನು ನೋಡಿದ. ನಮ್ಮ ಸಭೆ ಹೀಗೆ ಗುಂಪಾಗಿ ಬಂದು ಹಾಡಿದ್ದನ್ನು ಅವನು ಹಿಂದೆ ಕಂಡದ್ದು ಒಮ್ಮೆಯೇ. ನನ್ನ ಮನೆಯಲ್ಲಿ, ಕೇಶರಳನ್ನು ಮಲಗಿಸಿದ್ದ ದಿನ. ಪಾಪ, ಕೇಳುವುದೇನಿದೆ ಅನ್ನಿಸಿರಬೇಕು. ನೆಟ್ಟಗೆ ಮಸೀದಿಗೆ ಹೋದ.

ಒಳಗೆ ಪಾಸ್ಟರ್ ಪ್ರಾರ್ಥನೆ ಮಾಡುತ್ತಿದ್ದರು. ಈ ನಿನ್ನ ಮಗನಿಗೆ ದೀರ್ಘಾಯುಷ್ಯ ದಯಪಾಲಿಸು ಎಂದರು. ಆಮೆನ್ ಎನ್ನಲು ಬಾಯಿ ತೆರೆದೆವು. ಮಸೀದಿಯ ಮೈಕು ಕಿರ್ ಅಂದಿತು. ಮುನೀರೋದ್ದೀನ ಸಾಬ್, ರಿಟೈರ್ಡ್ ಡ್ರೈವರ್, ಇವರ ಇಂತಕಾಲ ಆಗಿದೆ, ತೀರಿಹೋಗಿದ್ದಾರೆ, ಜನಾಜಾದ ನಮಾಜು ರಾತ್ರಿ ಇಶಾ ಆದಮೇಲೆ.

ಪಾಸ್ಟರ್ ಒಂದು ಕಣ್ಣು ತೆರೆದರು. ನಾನು ಎರಡೂ ತೆರೆದೆ.

ಮುನೀರ ಗೋಡೆಯಿಂದ ಮುಖ ತಿರುಗಿಸಿದ. "ಯಾವ ಮುನೀರೋದ್ದೀನ?"

ಮೈಕು ಎರಡನೇ ಸಲ ಹೇಳಿತು, ಈ ಸಲ ಔರಾದ ಡಿಪೋ ಎಂದೂ ಸೇರಿಸಿ.

ಆಗ ಎದ್ದ. ಮೊದಲು ಪಾಸ್ಟರ ಭುಜ ಹಿಡಿದ, ಆಮೇಲೆ ಹಾರ್ಮೋನಿಯಂ ಹಿಡಿದ. ಅದು ಒಮ್ಮೆ ಕೂಗಿತು. ಗೋಡೆ ಹಿಡಿದು, ಭಾಭಿಯನ್ನು ದಾಟಿ, ಬನಿಯನ್ನು ಲುಂಗಿಯಲ್ಲೇ ಗಲ್ಲಿಗೆ ಇಳಿದ. ಅಷ್ಟರಲ್ಲಿ ಟೋಪಿ ಹಾಕಿಕೊಂಡು ನಾಲ್ಕಾರು ಜನ ಬರುತ್ತಿದ್ದರು. ಹೆಗಲು ಕೊಡಬೇಕಾದ ಮಯ್ಯತ್ತೇ ಎದುರಿಗೆ ಬಂದು ನಿಂತಿತು. ಮುನೀರ ಅವರನ್ನು ನೋಡಲಿಲ್ಲ. ಮಿನಾರಿನ ಮೇಲಿನ ಭೋಂಗಾದ ಕಡೆಗೆ ಮುಖವೆತ್ತಿ, ಮೈಕು ನೋಡಿಕೊಳ್ಳುವ ಖಾಲಿದನಿಗೆ ಇಡೀ ಗಲ್ಲಿ ಕೇಳುವಂತೆ ಹೇಳಿದ, "ಏ ಖಾಲಿದ, ನನಗ ಒಂದು ಮಾತು ಕೇಳ್ದೇನು?"

ಆಮೇಲೆ ತಿರುಗಿ ಒಳಗೆ ಬಂದ. ನಡೆದುಕೊಂಡು. ನಮ್ಮ ಹೆಂಗಸರೊಬ್ಬರು ಮೆಲ್ಲಗೆ, "ನಡದ್ರಲ್ರಿ" ಎಂದರು. ಅವನಿಗೆ ಆಗಲೇ ಗೊತ್ತಾದದ್ದು. ಕಾಲು ನೋಡಿಕೊಂಡ, ತಕ್ಷಣ ಮಂಚದ ಮೇಲೆ ಕುಳಿತುಬಿಟ್ಟ.

ಸ್ತೋತ್ರ: ಏನೆಂದು ಬರೆಯಲಿ. ಇದನ್ನು ಸಾಕ್ಷಿಯಲ್ಲಿ ಹೇಳಲೂ ಬರುವುದಿಲ್ಲ.

ಅಕ್ಟೋಬರ್ 19

ಬೆಳಗಿನಿಂದ ಬಸ್ಸು ಬಸ್ಸಿಗೆ ಬಳಗ ಇಳಿಯುತ್ತಿದೆ. ಭಾಲ್ಕಿ, ಔರಾದ, ಮೆಹಕರ. ತಪ್ಪು ಸುದ್ದಿ ಎಂದು ಫೋನು ಮಾಡಿದವರಿಗೆ ಹೊರಟವರು ಸಿಗಲಿಲ್ಲ. ಅಳುತ್ತ ಬರುತ್ತಾರೆ, ಬಾಗಿಲಲ್ಲಿ ಇವನು ಕೆಮ್ಮುವುದು ಕೇಳಿ ನಿಲ್ಲುತ್ತಾರೆ. ಎಕಂಬಾದಿಂದ ಅವನ ದಾಯಾದಿ ಅಮೀರ ಪಾಶಾ ಬಂದ. ಹೊಲದ ಬದುವಿನ ಜಗಳದಿಂದ ವರ್ಷಗಟ್ಟಲೆ ಮಾತು ಬಿಟ್ಟವನು. ದಾರಿಯುದ್ದಕ್ಕೂ ಎಲ್ಲ ಮಾಫ್ ಮಾಡಿಕೊಂಡು ಬಂದಿದ್ದನಂತೆ. ಬದುಕಿದ್ದಾನೆಂದು ಕಂಡ ಕೂಡಲೇ ಮಾಫಿ ವಾಪಸ್ ತೆಗೆದುಕೊಂಡು ಚಹಾ ಸಹ ಕುಡಿಯದೆ ಹೋದ. ಭಾಭಿ ಎಲ್ಲರಿಗೂ ಅಡುಗೆ ಮಾಡಿದರು. ನಾನು ಉಳ್ಳಾಗಡ್ಡಿ ಹೆಚ್ಚಿದೆ. ಎಲ್ಲರಿಗೂ ಮುನೀರ ಬದುಕಿದ್ದಕ್ಕಿಂತ ಬಿರಿಯಾನಿ ಚೆನ್ನಾಗಿದ್ದದ್ದೇ ಹೆಚ್ಚು ನೆನಪಿರುತ್ತದೆ ಎಂದು ಕಾಣುತ್ತದೆ.

ಮುನೀರನದು ಮತ್ತೆ ಗೋಡೆಗೆ ಮುಖ. ಸಿಟ್ಟು ಇಳಿಯಿತು, ಕಾಲೂ ಇಳಿಯಿತು.

ಮಧ್ಯಾಹ್ನ ಖಾಲಿದ ಬಾಳೆಹಣ್ಣು ಹಿಡಿದು ಮಾಫಿ ಕೇಳಲು ಬಂದ. ಅವನನ್ನು ಕಂಡದ್ದೇ ಮುನೀರ ದಡಕ್ಕನೆ ಎದ್ದು ನಿಂತ. ನಿಂತ! ಖಾಲಿದ ಹಿಂದೆ ಸರಿದ, ಇವನು ಮುಂದೆ ಹೆಜ್ಜೆ ಹಾಕಿದ. ನಾನು ಉಳ್ಳಾಗಡ್ಡಿ ಹಿಡಿದುಕೊಂಡು ನೋಡುತ್ತಿದ್ದೆ. ಕಣ್ಣಲ್ಲಿ ನೀರು. ಉಳ್ಳಾಗಡ್ಡಿಯದೇ ಎಂದು ಹೇಳಲಾರೆ.

ಒಂದು ವಿಚಾರ ಬಂದಿದೆ. ಕರ್ತನದೋ ಸೈತಾನನದೋ ನಾಳೆ ನೋಡಬೇಕು.

ಅಕ್ಟೋಬರ್ 21

ಪ್ರಯೋಗ ಮಾಡಿದೆ. ಹೋದವನೇ ಕುರ್ಚಿಯಲ್ಲಿ ಕುಳಿತು, ಗಾಳಿಗೆ ಹೇಳಿದ ಹಾಗೆ ಹೇಳಿದೆ, "ಏನೇ ಅನ್ನು, ಔರಾದ-ಭಾಲ್ಕಿ ರೋಡಿಗಿ ಡ್ರೈವರ್ ಅಂದ್ರ ಧೊಂಡಿಬಾ."

ಧೊಂಡಿಬಾ, ನಮ್ಮ ಡಿಪೋದ ಇನ್ನೊಬ್ಬ ಡ್ರೈವರ್, ಒಳ್ಳೆಯ ಮನುಷ್ಯ. ಗಾಡಿ ಹೊಡೆದದ್ದು ಮಾತ್ರ ಕೋಣ ಹೊಡೆದ ಹಾಗೆ. ಮುನೀರನಿಗೆ ಅವನ ಹೆಸರು ಕೇಳಿದರೆ ಮೈ ಉರಿ.

ಮುನೀರ ಎದ್ದು ಕುಳಿತ. ಏನಂದಿ ಎಂದ. ಮತ್ತೊಮ್ಮೆ ಅಂದೆ. ಧೊಂಡಿಬಾನ ಗಾಡಿಯಲ್ಲಿ ಪ್ಯಾಸೆಂಜರಿಗೆ ನಿದ್ದೆ ಬರುತ್ತಿತ್ತು, ನಿನ್ನ ಗಾಡಿಯಲ್ಲಿ ದೇವರು ನೆನಪಾಗುತ್ತಿದ್ದರು ಎಂದೂ ಸೇರಿಸಿದೆ. ಅವನು ವಾಕರಿನ ಮೇಲಿನ ಟವೆಲ್ ಕಿತ್ತು ಬಿಸಾಡಿದ, ವಾಕರ್ ಹಿಡಿದು ನನ್ನ ಕುರ್ಚಿಯತನಕ ಬಂದ. ನಾನು ಕುರ್ಚಿ ಹಿಂದೆ ಎಳೆದೆ. ಮತ್ತೂ ಬಂದ. ಮತ್ತೂ ಎಳೆದೆ.

ಯುರೇಕಾ. ಕಾಲೇಜಿನಲ್ಲಿ ಈ ಮಾತು ಯಾವ ಪಾಠದಲ್ಲಿತ್ತು, ಹೇಳಿದವನು ಯಾಕೆ ಓಡಿದ, ಮರೆತಿದೆ. ನಾನಂತೂ ಓಡಿದೆ.

ಅಕ್ಟೋಬರ್ 22

ಪಾಸ್ಟರ್ ಹತ್ತಿರ ಹೋಗಿ ಕೇಳಿದೆ. ನೆರೆಯವನಿಗೆ ಸಿಟ್ಟು ಬರಿಸುವುದು ಪಾಪ. ಆದರೆ ಸಿಟ್ಟಿನಿಂದ ಅವನ ಕಾಲು ಬಂದರೆ? ಅವನಿಗೆ ಏನಂದಿರಿ ಎಂದು ಪಾಸ್ಟರ್ ಕೇಳಿದರು. ಹೇಳಿದೆ. ನಗು ತಡೆಯಲು ಹೋಗಿ ಕೆಮ್ಮಿದರು.

"ಅಂಕಲ್, ಸೇವಾ ಅಂತ ತಿಳ್ಕೊಂಡು ಮಾಡ್ರಿ," ಎಂದರು. "ರುಚಿ ಹತ್ತಿಸ್ಕೋಬ್ಯಾಡ್ರಿ."

ನವೆಂಬರ್ 4

ಬರೆಯಲು ಪುರುಸೊತ್ತಿಲ್ಲ. ಸೇವೆ ಜೋರಾಗಿದೆ.

ಬೆಳಗ್ಗೆ ಮೊಣಕಾಲೂರಿ ಕೇಳುತ್ತೇನೆ, ಕರ್ತನೇ, ಇವತ್ತು ಮುನೀರನಿಗೆ ಏನನ್ನಲಿ? ಏನಾದರೂ ಹೊಳೆಯುತ್ತದೆ. ಸೋಮವಾರ ಅವನ ಮೀಸೆಯ ಬಣ್ಣ. ಮಂಗಳವಾರ ಅವನು ಔರಾದ ಬಸ್ ಸ್ಟ್ಯಾಂಡಿನ ಕಂಬಕ್ಕೆ ಗಾಡಿ ತಾಗಿಸಿದ್ದು (ತಾಗಿಸಿದ್ದು ಧೊಂಡಿಬಾ). ಮೊನ್ನೆ ಹಾಲಕೋವಾದ ವಿಷಯದಲ್ಲಿ ಭಾಲ್ಕಿಯದೇ ಸರಿ, ಬೀದರಿನದು ಬರೀ ಸಕ್ಕರಿ ಎಂದೆ. ಅದಕ್ಕೆ ಬಾಗಿಲತನಕ ಅಟ್ಟಿಸಿಕೊಂಡು ಬಂದ. ಈಗ ಅಂಗಳದಲ್ಲಿ ಒಂದು ಸುತ್ತು ಬರುತ್ತಾನೆ. ಭಾಭಿ ನೆಟ್ಟಗೆ ನಿಲ್ಲತೊಡಗಿದ್ದಾರೆ. ನಾನು ಹೊರಡುವಾಗ ಕೈಯಲ್ಲಿ ಡಬ್ಬಿ ಇಡುತ್ತಾರೆ. ನನ್ನ ಗಂಡನನ್ನು ಇನ್ನಷ್ಟು ಬೈಯಿರಿ ಎನ್ನುವ ಹಾಗೆ.

ಭಾಲ್ಕಿಯಿಂದ ಮಗಳು ಪೂನಮ ಫೋನು. ಪಪ್ಪಾ, ಪ್ರಾರ್ಥನೆ ಬಿಟ್ಟು ಜಗಳ ಹಿಡಿದೀರಂತೆ ಎಂದಳು. ಎರಡೂ ಕೂಡಿಸಿದ್ದೇನೆ ಎಂದೆ. ಅವಳು ದವಾಖಾನೆಯಲ್ಲಿ ನರ್ಸ್. ಇದು ಯಾವ ಪುಸ್ತಕದಲ್ಲೂ ಇಲ್ಲ ಅಂದಳು.

ಸ್ತೋತ್ರ: ಮುನೀರನ ಕೆಟ್ಟ ಗುಣಗಳು. ಇನ್ನೂ ಸಾಕಷ್ಟು ಉಳಿದಿವೆ ಎಂದುಕೊಂಡಿದ್ದೇನೆ.

ನವೆಂಬರ್ 9, ಶನಿವಾರ

ಉಳಿದಿರಲಿಲ್ಲ. ರುಚಿ ಹತ್ತಿತ್ತು.

ಮೀಸೆ ಅಂದೆ, ಅವನು ನಕ್ಕ. ಧೊಂಡಿಬಾ ಅಂದೆ, ಸಾಕು ಬಿಡು ಎಂದ. ಮಂಚದ ಮೇಲೆ ಆರಾಮ ಒರಗಿದ. ಕ್ರಿಸ್‌ಮಸ್ ಹತ್ತಿರ ಬರುತ್ತಿದೆ, ಇವನು ಅಂಗಳದಲ್ಲೇ ನಿಂತಿದ್ದಾನೆ ಅನ್ನಿಸಿತು. ಭಾಭಿ ಅಲ್ಲೇ ಇದ್ದರು. ಬಾಯಿಗೆ ಬಂದದ್ದು ಅಂದುಬಿಟ್ಟೆ.

"ಭಾಭಿ ಸೊಂಟ ನೋಡು. ಅವತ್ತು ಮೈಕಿನಾಗ ಹೇಳಿದ್ದು ಖರೆ ಆಗಿದ್ರ ಆಕಿಗರೆ ಆರಾಮ ಇರ್ತಿತ್ತು."

ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಮುನೀರ ಭಾಭಿಯನ್ನು ನೋಡಿದ. ಭಾಭಿ ನೆಲ ನೋಡಿದರು. ಅವನು ಮೆಲ್ಲಗೆ ಮಲಗಿ ಗೋಡೆಗೆ ತಿರುಗಿದ. "ಖರೆ ಹೇಳ್ದಿ," ಎಂದ. ಅಷ್ಟೇ.

ಭಾಭಿ ನನ್ನ ಜೊತೆ ಗೇಟಿನತನಕ ಬಂದರು. ಇವತ್ತು ಕೈಯಲ್ಲಿ ಡಬ್ಬಿ ಇರಲಿಲ್ಲ. "ಭಾಯಿಸಾಬ್, ಸ್ವಲ್ಪ ದಿನ ಬರ್ಬ್ಯಾಡ್ರಿ."

ನವೆಂಬರ್ 10, ಭಾನುವಾರ

ಸಾಕ್ಷಿಯ ಸಮಯದಲ್ಲಿ ಏಳಲಿಲ್ಲ. ಜನ ತಿರುಗಿ ತಿರುಗಿ ನೋಡಿದರು. ಒಬ್ಬ ಹೆಂಗಸು ಬಂದು ಆರಾಮಿದ್ದೀರಿಲ್ಲ ಎಂದು ಕೇಳಿದಳು.

ನವೆಂಬರ್ 12

ಸ್ತೋತ್ರ:

ನವೆಂಬರ್ 13

ವಾಟ್ಸಾಪಿನಲ್ಲಿ ಮಾಫಿ ಬರೆದೆ. ವಿಥ್ ಡ್ಯೂ ರಿಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್ ಆನ್ ನೈನ್ತ್ ಇನ್‌ಸ್ಟಂಟ್... ಕಾಲೇಜಿನಲ್ಲಿ ಕಲಿತ ಮಾಫಿ ಒಂದೇ, ಅದು ರಜೆ ಅರ್ಜಿಯದು. ಕೊನೆಗೆ ಥ್ಯಾಂಕಿಂಗ್ ಯೂ ಇನ್ ಆ್ಯಂಟಿಸಿಪೇಶನ್. ನೀಲಿ ಗೀಟು ಬಂತು, ಉತ್ತರ ಬರಲಿಲ್ಲ. ಎಲ್ಲಿಂದ ಬರಬೇಕು. ಅವನಿಗೆ ಇಂಗ್ಲಿಷೂ ಬಾರದು.

ಸಾಯಂಕಾಲ ಅವನ ಗೇಟಿನತನಕ ಹೋದೆ. ಒಳಗೆ ವಾಕರಿನ ಸದ್ದು ಇಲ್ಲ. ಕಿಟಕಿಯಿಂದ ಕಂಡಿತು, ಅದರ ಮೇಲೆ ಟವೆಲ್.

ನವೆಂಬರ್ 19, ಭಾಲ್ಕಿ

ಪೂನಮ ಬಂದು ಕರೆದುಕೊಂಡು ಬಂದಳು. ನಾನು ರೊಟ್ಟಿ ಬಡಿಯುವುದು ಬಿಟ್ಟಿದ್ದೆ, ಎರಡು ದಿನ ಬ್ರೆಡ್ ತಿಂದಿದ್ದೆ, ಅದನ್ನು ಗಲ್ಲಿಯ ಯಾರೋ ಅವಳಿಗೆ ಹೇಳಿದ್ದಾರೆ. ಇಲ್ಲಿ ಎಲ್ಲ ಆರಾಮ. ಹಾಸಿಗೆ ಮೆತ್ತಗಿದೆ, ಏಳಲು ಕಾರಣವಿಲ್ಲ.

ಇವತ್ತು ಪೂನಮ ಪಲ್ಯ ಸೋಸುತ್ತ ಕೇಳಿದಳು, "ಪಪ್ಪಾ, ಚಾಚಾ ನಡದ್ರ ನಿಮಗೇನ್ ಸಿಗ್ತದ?"

ಪರೋಪಕಾರ, ಕ್ರಿಸ್ತನ ಪ್ರೀತಿ ಎಂದೆಲ್ಲ ಹೇಳಲು ಹೋದೆ. ಪೀಠಿಕೆಯಲ್ಲೇ ನಿಲ್ಲಿಸಿದಳು. "ಅದು ಪಾಸ್ಟರಿಗಿ ಹೇಳ್ರಿ. ಚಾಚಾಗ ಖರೆ ಏನದ ಅದು ಹೇಳ್ರಿ."

ಅಂಗಳಕ್ಕೆ ಹೋಗಿ ಮುನೀರನ ವಾಟ್ಸಾಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ಕನ್ನಡದಲ್ಲಿ. ಎಲ್ಲ ಒದರಿದೆ. ಧೊಂಡಿಬಾನ ಮಾತು ಸುಳ್ಳು, ಆ ರೋಡಿಗೆ ಡ್ರೈವರ್ ಅಂದರೆ ನೀನೇ. ಕಂಬಕ್ಕೆ ತಾಗಿಸಿದ್ದು ನೀನಲ್ಲ. ಹಾಲಕೋವಾ ಬೀದರಿನದೇ ಛಲೋ. ಎಲ್ಲ ನಿನ್ನನ್ನು ಮಂಚದಿಂದ ಎಬ್ಬಿಸಲು ಬೇಕಂತಲೇ ಅಂದದ್ದು, ಪಾಸ್ಟರ್ ಪರ್ಮಿಷನ್ ತೆಗೆದುಕೊಂಡು. ಕೊನೆಯ ಮಾತು ಮಾತ್ರ ಯಾರ ಪರ್ಮಿಷನ್ನೂ ಇಲ್ಲದ್ದು, ಅದಕ್ಕೆ ಮಾಫಿ ಇಲ್ಲ. ಅವತ್ತು ಕೀರ್ತನೆ ಕೇಳಿ ಭಾಭಿ ಅತ್ತದ್ದು ನೀನು ಹೋಗಲಿ ಎಂದಲ್ಲ, ಹೋಗಬಾರದು ಎಂದು. ನನಗೂ ಅಷ್ಟೇ. ಬೆಳಗ್ಗೆ ಚಹಾ ಕುಡಿಯಲು ಯಾರೂ ಇಲ್ಲ ಮುನೀರ. ನೀ ನಡೆಯದಿದ್ದರೆ ನಾನೂ ಮಲಗಿಬಿಡುತ್ತೇನೆ.

ನಡುವೆ ಪೂನಮಳ ಕುಕ್ಕರ್ ಕೂಗಿತು. ಹಾಗೇ ಹೋಯಿತು.

ಸ್ತೋತ್ರ: ಮಗಳು.

ನವೆಂಬರ್ 23

ಬೀದರಿಗೆ ವಾಪಸ್. ಮುನೀರನಿಂದ ಉತ್ತರವಿಲ್ಲ. ಭಾಭಿ ಫೋನು ಮಾಡಿದ್ದರು. ದಿನಾ ನನ್ನ ವಾಯ್ಸ್ ಹಾಕಿಕೊಂಡು ಕೇಳುತ್ತಾನಂತೆ. ಮೊದಲ ಸಲ ಕಣ್ಣೊರೆಸಿಕೊಂಡನಂತೆ. ಆಮೇಲಾಮೇಲೆ ಹಲ್ಲು ಕಡಿಯತೊಡಗಿದ್ದಾನಂತೆ. ಯಾಕೆಂದು ಕೇಳಿದರೆ, ಕಂಟ್ರೋಲರ್ ಲಾಟ್‌ಸಾಹೇಬ ನನ್ನನ್ನು ಮೋಸ ಮಾಡಿ ನಡೆಸಿದನಲ್ಲ ಅನ್ನುತ್ತಾನಂತೆ. ಹಾಗೆ ಅಂದ ಮೇಲೆ ಮತ್ತೆ ಗೋಡೆಗೆ ತಿರುಗುತ್ತಾನೋ ಎಂದು ಕೇಳಿದೆ. ಹಿಂದೆ ಏನೋ ಟಕ್ ಟಕ್ ಸದ್ದಾಯಿತು, ಭಾಭಿ ಅವಸರದಲ್ಲಿ ಫೋನ್ ಇಟ್ಟರು.

ಮಾಫಿ ಕೇಳಿ ಕೆಲಸ ಇನ್ನಷ್ಟು ಕೆಡಿಸಿದೆ ಎಂದು ಕಾಣುತ್ತದೆ.

ನವೆಂಬರ್ 25, ಸೋಮವಾರ, ಬೆಳಗ್ಗೆ

ರೊಟ್ಟಿ ಬಡಿದೆ. ನಡುವಿನದು ಬೆಂದಿದೆ. ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಇವತ್ತಿನ ಸ್ತೋತ್ರ ಇನ್ನೂ ಹೊಳೆದಿಲ್ಲ, ಬಿಸಿಲು ಚೆನ್ನಾಗಿದೆ ಎಂದು ಬರೆಯಬಹುದು, ಆದರೆ ಅದೂ ರೆಡಿಮೇಡ್—

ಗಲ್ಲಿಯ ತಿರುವಿನಲ್ಲಿ ಯಾರೋ ಯಾರನ್ನೋ ಬೈಯುತ್ತಿದ್ದಾರೆ.

ನನ್ನನ್ನೇ.

ಅವನೇ. ವಾಕರ್ ಇಲ್ಲ, ಕೈಯಲ್ಲಿ ಕೋಲು. ಅದನ್ನು ನೆಲಕ್ಕೆ ಊರುವುದಕ್ಕಿಂತ ನನ್ನ ಕಡೆ ತೋರಿಸುವುದಕ್ಕೇ ಹೆಚ್ಚು ಬಳಸುತ್ತಿದ್ದಾನೆ. ಹಿಂದೆ ಭಾಭಿ. ಹಿಡಿದಿಲ್ಲ, ಬರೀ ಬರುತ್ತಿದ್ದಾರೆ. ಓಢಣಿಯ ಸೆರಗು ಬಾಯಿಗೆ, ಭುಜ ಕುಲುಕುತ್ತಿದೆ. ಅಳುವೋ ನಗುವೋ ಇಲ್ಲಿಂದ... ನಗುವೇ. ಲಾಲ ಅಹ್ಮದ ಬಾಗಿಲಿಗೆ ಬಂದು ನಿಂತ, ಈ ಸಲ ಎಲ್ಲಿಗೂ ಓಡದೆ.

"ಧೊಂಡಿಬಾನ ಮಾತಿಗಿ ನಾ ನಿದ್ದಿ ಬಿಟ್ಟೀನಿ," ಎನ್ನುತ್ತಿದ್ದಾನೆ. "ಸುಳ್ಳಂತ ಈಗ ಹೇಳ್ತಿ? ಚಹಾ ಕುಡಿಲಿಕ್ಕ ಯಾರೂ ಇಲ್ಲಂತ. ಏಳಲೇ, ಯಾರಿಲ್ಲ ನೋಡ್ತೇನಿ."

ಎದುರು ಹೋಗಿ ಹಿಡಿಯಬೇಕು ಅನ್ನಿಸುತ್ತಿದೆ. ಹೋಗಬಾರದು. ನಾನೆದ್ದರೆ ಅವನು ಅಲ್ಲೇ ನಿಂತುಬಿಡುತ್ತಾನೆ. ಅದಕ್ಕೇ ತಲೆ ತಗ್ಗಿಸಿ ಬರೆಯುತ್ತಲೇ ಇದ್ದೇನೆ, ಕೇಳಿಸದವನ ಹಾಗೆ. ಈಗ ಅನ್ನುತ್ತಿರುವುದು ಇಲ್ಲಿ ಬರೆಯುವಂಥದ್ದಲ್ಲ. ಪಾಸ್ಟರ್ ಕೇಳಿದರೆ ಎರಡೂ ಕಣ್ಣು ತೆರೆಯುತ್ತಾರೆ. ನೀರಿನ ನಲ್ಲಿ ದಾಟಿದ. ಚರಂಡಿಯ ಕಲ್ಲು, ಕರ್ತನೇ, ಅದೊಂದು... ದಾಟಿದ. ಎಷ್ಟು ಕೆಟ್ಟ ಬೈಗುಳ, ಎಷ್ಟು ಸೊಗಸಾಗಿ ನಡೆ—